ಪಟ್ಟಿಯಲ್ಲಿ ನನ್ನ ಕೆಳಗಿನವಳು

ನಮ್ಮ ಸ್ಪೇನಿನಲ್ಲಿ ನರ್ಸಿಂಗ್ ಮುಗಿಸಿದವರು ಕೆಲಸ ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಕೆಲಸವೇ ಫೋನ್ ಮಾಡುತ್ತದೆ. ಮಾಡಿದಾಗ ಎತ್ತಬೇಕು, ಅಷ್ಟೆ. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಪದವಿ ಕೊಡುವ ದಿನ ನಮ್ಮ ಡೀನ್ ಮಹಾಶಯರೂ ಹೀಗೇ ಚೆಂದವಾಗಿ ಮಾತಾಡಿ, "ಸಮಾಜ ನಿಮಗಾಗಿ ಕಾಯುತ್ತಿದೆ" ಅಂತ ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡರು. ಅವರ ಸ್ವಂತ ಮಗಳನ್ನು ಮಾತ್ರ ಹಲ್ಲಿನ ಡಾಕ್ಟರ್ ಮಾಡಿದ್ದಾರೆ.

ನಿಜ ಸಂಗತಿ ಬೇರೆ. ಜಿಲ್ಲಾಸ್ಪತ್ರೆಯಲ್ಲಿ ಒಂದು ಪಟ್ಟಿ ಇದೆ. ಅಂಕದ ಪ್ರಕಾರ ನಮ್ಮೆಲ್ಲರ ಹೆಸರೂ ಅದರಲ್ಲಿದೆ. ಅಂಕ ಇದ್ದವರಿಗೆ ಕೆಲಸ, ಕೆಲಸ ಮಾಡಿದವರಿಗೆ ಅಂಕ. ಎಂಥ ತಲೆ ನೋಡಿ ಇದನ್ನು ಕಂಡುಹಿಡಿದವನದ್ದು! ಜೂನ್ ತಿಂಗಳಲ್ಲಿ ಬೇಸಿಗೆ ಶುರುವಾಗಿ ಕಾಯಂ ನರ್ಸುಗಳೆಲ್ಲ ರಜೆ ಹಾಕಿ ಸಮುದ್ರಕ್ಕೆ ಓಡಿದಾಗ ಮಾತ್ರ ಪಟ್ಟಿ ನಮ್ಮಂಥವರ ತನಕ ಇಳಿಯುತ್ತದೆ. ಆಗ ಫೋನ್ ಬರುತ್ತದೆ. "ನಾಳೆ ಬೆಳಿಗ್ಗೆ ಎಂಟಕ್ಕೆ, ಬರ್ತೀರಾ ಇಲ್ವಾ?" ಯೋಚನೆ ಮಾಡೋಕೆ ಅರ್ಧ ನಿಮಿಷ. ಇಲ್ಲ ಅಂದರೆ ಒಂದು ವರ್ಷ ಪಟ್ಟಿಯ ತಳಕ್ಕೆ. ಆ ವರ್ಷ ಕೆಲಸ ಇಲ್ಲ, ಕೆಲಸ ಇಲ್ಲದ್ದಕ್ಕೆ ಅಂಕ ಇಲ್ಲ, ಅಂಕ ಇಲ್ಲದ್ದಕ್ಕೆ ಅದರ ಮುಂದಿನ ವರ್ಷವೂ ಇಲ್ಲ.

ಹಾಗಾಗಿ ಆ ಜೂನ್ ಪೂರ್ತಿ ಫೋನನ್ನು ಹಸುಗೂಸಿನ ಹಾಗೆ ಎತ್ತಿಕೊಂಡು ತಿರುಗಿದೆ. ಸ್ನಾನಕ್ಕೂ ಒಯ್ದೆ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ. ಪಟ್ಟಿಯಲ್ಲಿ ನನ್ನದು ಆರುನೂರ ಹನ್ನೆರಡು. ಆರುನೂರ ಹದಿಮೂರು ತಮಾರಾ, ನಾಲ್ಕು ವರ್ಷ ನನ್ನ ಪಕ್ಕದಲ್ಲೇ ಕೂತು ಓದಿದ ಗೆಳತಿ. ಇಬ್ಬರ ನಡುವೆ ಇದ್ದದ್ದು ಕೂದಲೆಳೆಯಷ್ಟು ಅಂಕ. 'ಕೈ ತೊಳೆಯುವ ವಿಧಾನ' ಅಂತ ಮೂವತ್ತು ಗಂಟೆಯ ಆನ್‌ಲೈನ್ ಕೋರ್ಸು ಇತ್ತು, ನಾನು ಮಾಡಿದೆ, ಅವಳು ಮಾಡಲಿಲ್ಲ. "ಮೂವತ್ತು ಗಂಟೆ ತೊಳೆದ್ರೆ ಚರ್ಮಾನೂ ಉಳಿಯಲ್ಲ ಕಣೇ," ಅಂತ ನಕ್ಕಿದ್ದಳು. ನಾನೇನು ಓದಿ ಮಾಡಿದೆನಾ? ಟಿವಿ ನೋಡುತ್ತಾ ಮುಂದೆ, ಮುಂದೆ ಅಂತ ಒತ್ತಿದೆ. ಸರ್ಟಿಫಿಕೇಟು ಬಂತು.

ಶುಕ್ರವಾರ ಮಧ್ಯಾಹ್ನದ ಊಟ ಆದಮೇಲೆ ಫೋನಿನ ಚಾರ್ಜ್ ಮುಗಿದಿತ್ತು. ಅಡುಗೆಮನೆಯಲ್ಲಿ ಸಿಕ್ಕಿಸಿ, ಐದೇ ನಿಮಿಷ ಅಂತ ಮಲಗಿದೆ. ಎದ್ದಾಗ ಐದು ಗಂಟೆ. ಬೆನಿಗ್ನಾ ಅಜ್ಜಿ ಮೇಜಿನ ಮುಂದೆ ಕೂತು ಬಟಾಣಿ ಬಿಡಿಸುತ್ತಿದ್ದಳು, ಮುಖದಲ್ಲಿ ಗೆದ್ದು ಬಂದ ಕಳೆ.

"ಆ ಕರೆಂಟ್ ಕಂಪನಿಯವಳು ಮತ್ತೆ ಫೋನ್ ಮಾಡಿದ್ಲು ಕಣೆ ಇನೆಸ್. ಚೆನ್ನಾಗಿ ಮಂಗಳಾರತಿ ಎತ್ತಿದೀನಿ. ಇನ್ನು ಈ ಜನ್ಮದಲ್ಲಿ ಈ ಮನೆಗೆ ಮಾಡಲ್ಲ."

ಅಜ್ಜಿಯದೇನೂ ತಪ್ಪಿಲ್ಲ. ಇಡೀ ಸ್ಪೇನಿನಲ್ಲಿ ಊಟದ ಮೇಲೆ ಕಣ್ಣು ಮುಚ್ಚುವ ಹೊತ್ತಿಗೆ ಫೋನ್ ಮಾಡುವವರು ಇಂಥ ಕಂಪನಿಗಳವರು ಮಾತ್ರ. ಕರೆಂಟು ಬದಲಾಯಿಸಿ, ಇಂಟರ್ನೆಟ್ ಬದಲಾಯಿಸಿ, ವಿಮೆ ಬದಲಾಯಿಸಿ. ಅವರನ್ನು ಬೈಯುವುದೇ ಅಜ್ಜಿಯ ವ್ಯಾಯಾಮ. ಫೋನ್ ತೆಗೆದು ನಂಬರ್ ನೋಡಿದೆ. ಜಿಲ್ಲಾಸ್ಪತ್ರೆ. ತಿರುಗಿ ಮಾಡಿದೆ, ಹತ್ತು ಸಲ ಮಾಡಿದೆ. ಶುಕ್ರವಾರ ಸಂಜೆ ಸರ್ಕಾರಿ ಕಚೇರಿಯಲ್ಲಿ ಫೋನ್ ಎತ್ತೋಕೆ ಯಾರಿಗೆ ಹುಚ್ಚು?

ಆರು ಗಂಟೆಗೆ ತಮಾರಾ ಫೋನ್ ಮಾಡಿದಳು. ಕಿರುಚಾಟಕ್ಕೆ ಕಿವಿ ತೂತು ಬೀಳಬೇಕು.

"ಸಿಕ್ತು ಕಣೇ! ಮೂರು ತಿಂಗಳು, ಸೆಪ್ಟೆಂಬರ್ ತನಕ! ಮೂರನೇ ಮಹಡಿ! ನಾಳೆಯಿಂದಲೇ! ನಿಂಗ್ಯಾವ ವಾರ್ಡು?"

ನಾನು ಅವಳಿಗಿಂತ ಮೇಲಿದ್ದೇನಲ್ಲ, ನನಗೆ ಮೊದಲೇ ಸಿಕ್ಕಿರುತ್ತೆ ಅಂತ ಅವಳ ಲೆಕ್ಕ. "ಇನ್ನೂ ಹೇಳಿಲ್ಲ," ಅಂದೆ. ಶುಭಾಶಯವನ್ನೂ ಹೇಳಿದೆ. ಅವಳಿಗೆ ಸಿಕ್ಕಿದ್ದು ನನ್ನ ಕೆಲಸ, ನನ್ನ ಮೂರು ತಿಂಗಳು.

ಸೋಮವಾರ ಬಾಗಿಲು ತೆರೆಯುವ ಮುಂಚೆಯೇ ಕಚೇರಿ ಮುಂದೆ ನಿಂತಿದ್ದೆ. ಫೋನ್ ಮಾಡುವ ಗುಮಾಸ್ತೆ ಮಾರಿ ಲುಸ್ ಎಂಬಾಕೆ. ಕಾಫಿ ಕುಡಿದು, ಗಿಡಕ್ಕೆ ನೀರು ಹಾಕಿ, ಕನ್ನಡಕ ಒರೆಸಿ, ಆಮೇಲೆ ನನ್ನ ಕಡೆ ನೋಡಿದಳು.

"ನಿರಾಕರಿಸಿದ್ದಾರೆ ಅಂತ ಬರೆದಿದೆ, ಮಗಳೇ."

"ನಾನು ಮಾತೇ ಆಡಿಲ್ಲ ಮೇಡಂ."

"ಯಾರೋ ಆಡಿದಾರಲ್ಲ, ಮಗಳೇ."

ಈ ಕಚೇರಿಯಲ್ಲಿ ಕತ್ತು ಕೊಯ್ಯುವಾಗಲೂ ಮಗಳೇ ಅಂತಾರೆ. ನಾನು ಕದಲಲಿಲ್ಲ. ಕರೆಗಳನ್ನೆಲ್ಲ ರೆಕಾರ್ಡ್ ಮಾಡ್ತೀರಲ್ಲ, ಕೇಳಿಸಿ, ಅಂತ ಗಂಟಲು ಹರಿಯುವ ಹಾಗೆ ಕೂಗಿದೆ. ಗಲಾಟೆಗೆ ಒಳಗಿನಿಂದ ಮುಖ್ಯಾಧಿಕಾರಿ ಎವಾರಿಸ್ತೊ ಹೊರಗೆ ಬಂದರು, ಬಾಯಲ್ಲಿ ಬಿಸ್ಕತ್ತು. ಕೊನೆಗೆ ಹಾಕಿ ಕೇಳಿಸಿದರು. ಕಚೇರಿ ತುಂಬ ನನ್ನ ಅಜ್ಜಿ.

"ಈ ಹೊತ್ತಲ್ಲಿ ಫೋನ್ ಮಾಡ್ತೀಯಲ್ಲ, ನಿಂಗೆ ಮನೆ ಮಠ ಇಲ್ವಾ? ಹೆತ್ತವರು ಬುದ್ಧಿ ಕಲಿಸ್ಲಿಲ್ವಾ? ಮಗು ಮಲಗಿದೆ! ನಮಗೇನೂ ಬೇಡ, ಇರೋದೇ ಸಾಕಾಗಿದೆ!"

"ಹಾಗಾದ್ರೆ ಬೇಡ ಅಂತ ಬರ್ಕೊಳ್ಳಲಾ?" ಮಾರಿ ಲುಸ್ ಧ್ವನಿ.

"ಬರ್ಕೋ! ದಪ್ಪ ಅಕ್ಷರದಲ್ಲಿ ಬರ್ಕೋ!"

ಎವಾರಿಸ್ತೊ ಬಿಸ್ಕತ್ತು ನುಂಗಿ ಕೇಳಿದರು, "ಮಾರಿ ಲುಸ್, ಈ ಧ್ವನಿಗೆ ಇಪ್ಪತ್ತೆರಡು ವರ್ಷನಾ?"

"ನೆಗಡಿ ಆಗಿರಬಹುದು ಅಂದ್ಕೊಂಡೆ ಸರ್."

ಗುರುತಿನ ಚೀಟಿಯ ನಂಬರ್ ಕೇಳಿ, ಮಾತಾಡುತ್ತಿರುವವರು ಅಭ್ಯರ್ಥಿಯೇ ಅಂತ ಖಚಿತ ಮಾಡಿಕೊಳ್ಳದೆ ನಿರಾಕರಣೆ ಬರೆಯೋ ಹಾಗಿಲ್ಲವಂತೆ. ನಿಯಮ ಈ ಕಚೇರಿಯದ್ದೇ, ಫೋನ್ ಮಾಡುವವಳಿಗೇ ಗೊತ್ತಿಲ್ಲ. ಎವಾರಿಸ್ತೊ ಕುರ್ಚಿ ಎಳೆದು ಕೂತರು.

"ನೋಡಮ್ಮ, ಶಿಕ್ಷೆ ಅಳಿಸಿ ಹಾಕ್ತೀನಿ. ಪಟ್ಟಿಯಲ್ಲಿ ನಿನ್ನ ಜಾಗ ಹಾಗೇ ಇರುತ್ತೆ, ಮುಂದಿನ ಕರೆಗೆ ಕಾಯಬಹುದು. ಬೇಸಿಗೆಯ ದೊಡ್ಡ ಕರಾರೆಲ್ಲ ಹಂಚಿ ಆಯ್ತು, ಆಗಸ್ಟಿನಲ್ಲಿ ಎರಡು ದಿನ, ಮೂರು ದಿನದ್ದು ಬಂದೀತು. ಇಲ್ಲ ಅಂದ್ರೆ ಆ ಮೂರು ತಿಂಗಳ ಕೆಲಸ ನ್ಯಾಯವಾಗಿ ನಿಂದೇ. ಬೇಕು ಅಂತ ಸಹಿ ಹಾಕಿದ್ರೆ, ಈಗಿರೋ ಹುಡುಗಿಯ ಕರಾರು ನಾಳೆ ಮಧ್ಯಾಹ್ನಕ್ಕೆ ಮುಗಿಸ್ತೀವಿ. ಅವಳು ಆಗಸ್ಟಿಗೆ ಕಾಯ್ತಾಳೆ."

"ಅವಳು ಯಾರು ಗೊತ್ತಾ?" ಅಂತ ಮಾರಿ ಲುಸ್ ಕೇಳಿದಳು. ಕೇಳುವ ಅಗತ್ಯವೇ ಇರಲಿಲ್ಲ.

ಅರ್ಧ ನಿಮಿಷ ಯೋಚಿಸಿದೆ ಅಂತ ಹೇಳಿಕೊಳ್ಳಬೇಕು ಅಂತ ಆಸೆ. ಅಷ್ಟೂ ಯೋಚಿಸಲಿಲ್ಲ. ನ್ಯಾಯ ನನ್ನ ಕಡೆ ಇದೆ, ನಿಯಮ ನನ್ನ ಕಡೆ ಇದೆ, ತಪ್ಪು ಮಾಡಿದ್ದು ಇವರು, ನಾನ್ಯಾಕೆ ಬಿಡಲಿ? ಪೆನ್ನು ಕೊಡಿ ಅಂದೆ. ಮಾರಿ ಲುಸ್ ತಾನೇ ಎದ್ದು ತಂದುಕೊಟ್ಟಳು. ಮೊದಲ ಸಲ ನನ್ನನ್ನು ಅವಳ ಪೈಕಿಯವಳೇ ಅನ್ನೋ ಹಾಗೆ ನೋಡಿದಳು.

ತಮಾರಾಗೆ ನಾನು ಫೋನ್ ಮಾಡಲಿಲ್ಲ. ಕಚೇರಿಯವರು ಹೇಳ್ತಾರೆ ಬಿಡು, ಅದು ಅವರ ಕೆಲಸ ತಾನೇ, ಅಂದುಕೊಂಡೆ. ಅಜ್ಜಿ ಮಾತ್ರ ಸಂಭ್ರಮದಿಂದ ನನ್ನ ಬಿಳಿ ಬಟ್ಟೆಗೆ ಎರಡೆರಡು ಸಲ ಇಸ್ತ್ರಿ ಹಾಕಿದಳು.

ಮಂಗಳವಾರ ಮಧ್ಯಾಹ್ನ ಮೂರಕ್ಕೆ ಮೂರನೇ ಮಹಡಿಗೆ ಹೋದೆ. ಪಾಳಿ ಬದಲಾಗುವಾಗ ಹೋಗುವವಳು ಬರುವವಳಿಗೆ ಒಬ್ಬೊಬ್ಬ ರೋಗಿಯ ವಿಷಯವನ್ನೂ ಒಪ್ಪಿಸಿ ಹೋಗಬೇಕು. ವಾರ್ಡಿನ ಹಿರಿಯ ನರ್ಸು ಔಷಧಿ ಕಪಾಟಿನ ಕೀಲಿಯನ್ನು ನನ್ನ ಕೈಗಿಟ್ಟು, ಉಳಿದದ್ದು ಇವಳನ್ನು ಕೇಳ್ಕೋ ಅಂತ ಹೊರಟುಹೋದಳು. ಇವಳು ಅಂದರೆ ತಮಾರಾ. ಕಣ್ಣು ಊದಿಕೊಂಡಿತ್ತು. ಬೈದರೆ ಏನೇನು ಹೇಳಬೇಕು ಅಂತ ಬಸ್ಸಿನಲ್ಲಿ ಬರುವಾಗಲೇ ಜೋಡಿಸಿಕೊಂಡಿದ್ದೆ. ಅಂಕ, ನಿಯಮ, ರೆಕಾರ್ಡಿಂಗ್, ಎಲ್ಲ ಸಿದ್ಧವಾಗಿತ್ತು.

ಅವಳು ಬೈಯಲೇ ಇಲ್ಲ. ಜೇಬಿನಿಂದ ಮಡಚಿದ ಕಾಗದ ತೆಗೆದಳು.

"ಒಂದನೇ ಮಂಚ, ಸಕ್ಕರೆ ಕಾಯಿಲೆ, ಕದ್ದು ಬಿಸ್ಕತ್ತು ತಿಂತಾರೆ, ದಿಂಬಿನ ಕೆಳಗೆ ನೋಡು. ನಾಲ್ಕನೇದು, ಕಿವಿ ಕೇಳಿಸಲ್ಲ, ಎಡಗಡೆ ನಿಂತು ಮಾತಾಡು. ಏಳನೇದು ದೊನ್ ಫೆರ್ಮಿನ್ ಅಂತ ಅಜ್ಜ, ಸೂಜಿ ಅಂದ್ರೆ ಪ್ರಾಣಭಯ, ಮಾತಿಗೆಳೆದು ಆಮೇಲೆ ಚುಚ್ಚು. ಜೋರು ಮಾಡ್ಬೇಡ. ಹನ್ನೊಂದನೇದಕ್ಕೆ ಬೆಳಿಗ್ಗೆ ಜ್ವರ ಬಂದಿತ್ತು, ನಾಲ್ಕಕ್ಕೆ ಮತ್ತೆ ನೋಡು, ಮರೀಬೇಡ."

ಹದಿನೈದು ಮಂಚ. ಒಂದನ್ನೂ ಬಿಡಲಿಲ್ಲ. ನಾಲ್ಕು ವರ್ಷ ಕಾಲೇಜಿನಲ್ಲಿ, ಮೂವತ್ತು ಗಂಟೆ ಆ ದರಿದ್ರ ಕೋರ್ಸಿನಲ್ಲಿ ಯಾರೂ ಹೇಳಿಕೊಡದ್ದನ್ನು ಇವಳು ನಾಲ್ಕೇ ದಿನದಲ್ಲಿ ಕಲಿತಿದ್ದಳು. ಆಸ್ಪತ್ರೆಗೆ ಬೇಕಾದವಳು ಯಾರು ಅಂತ ಕುರುಡನಿಗೂ ಕಾಣುತ್ತಿತ್ತು.

"ಏನಾದ್ರೂ ಕೇಳೋದಿದ್ಯಾ?" ಅಂದಳು.

"ಇಲ್ಲ."

ಅವಳು ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಹೋದಳು. ನಾನು ಸೂಜಿಯಿದ್ದ ತಟ್ಟೆ ಹಿಡಿದುಕೊಂಡು ಏಳನೇ ಮಂಚಕ್ಕೆ ಹೋದೆ. ದೊನ್ ಫೆರ್ಮಿನ್ ಬಾಗಿಲ ಕಡೆ ಇಣುಕಿ ನೋಡಿ ಕೇಳಿದರು.

"ಆ ಹುಡುಗಿ ಎಲ್ಲಮ್ಮಾ?"

"ಹೋದಳು. ಇನ್ನು ನಾನೇ ಬರ್ತೀನಿ."

"ಸೆಪ್ಟೆಂಬರ್ ತನಕ ಇರ್ತೀನಿ ಅಂದಿದ್ಲಲ್ಲ. ನಾನು ಮನೆಗೆ ಹೋಗೋ ತನಕ ನೋಡ್ಕೋತೀನಿ ಅಂದಿದ್ಲು. ಯಾರು ಹೊರಗೆ ಕಳಿಸಿದ್ದು ಅವಳನ್ನ?"

ಯಾರ ಹೆಸರನ್ನಾದರೂ ಹೇಳಬಹುದಿತ್ತು. ತಪ್ಪು ಹೊರಿಸೋಕೆ ಈ ದೇಶದಲ್ಲಿ ಜನಕ್ಕೇನು ಬರವೇ?

"ನಾನೇ," ಅಂದೆ.

ಮುದುಕರು ಸೂಜಿಗೆಂದು ಚಾಚಿದ್ದ ಕೈಯನ್ನು ಮೆಲ್ಲಗೆ ಹೊದಿಕೆಯೊಳಕ್ಕೆ ಎಳೆದುಕೊಂಡರು. ಪಾಳಿ ಶುರುವಾಗಿ ಆಗಿನ್ನೂ ಹತ್ತು ನಿಮಿಷ ಆಗಿತ್ತು.