ಹಳದಿ ಸಾಲಿನ ಕೆಳಗೆ

ನನಗೆ ಕೋರ್ಟೆಂದರೆ ಭಯ. ವಕೀಲಳಾದವಳು ಹೀಗೆ ಹೇಳಿಕೊಳ್ಳಬಾರದು, ಆದರೆ ಮುಚ್ಚಿಟ್ಟು ಏನು ಪ್ರಯೋಜನ? ಕರಿ ಕೋಟು ತೊಟ್ಟು ಎರಡು ವರ್ಷವಾದರೂ, ಕೇಸು ಕೂಗಿದರೆ ಇವತ್ತಿಗೂ ಅಂಗೈ ಬೆವರುತ್ತದೆ. ಆ ಶುಕ್ರವಾರ ಸಿರುಗುಪ್ಪದ ಬಸ್ಸಿನಲ್ಲಿ ಹತ್ತಿಕೊಂಡ ಭಯ ಮಾತ್ರ ಬೇರೆಯೇ.

ಕೇಸು ದೇಶನೂರಿನ ಹಂಪಕ್ಕನದು. ಮೂವತ್ತು ವರ್ಷದಿಂದ ಆಕೆ ಇರುವ ಮನೆ ತನ್ನದೆಂದು ಪಕ್ಕದ ಭೀಮರಾಜ ತಕರಾರು ತೆಗೆದಿದ್ದ. ಆಕೆಯ ಗಂಡ ಕೆಂಚಣ್ಣ ಸಾಯುವ ಮುಂಚೆ ಒಂದು ಛಾಪಾ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದ. ಹಿತ್ತಲಿನ ಕರಾರು ಎಂದು ಭೀಮರಾಜನ ಕಡೆಯವರು ಮೇಲಿನ ಅರ್ಧವನ್ನಷ್ಟೇ ಓದಿ ಹೇಳಿದ್ದರಂತೆ. ಕೆಳಗಿನ ಅರ್ಧದಲ್ಲಿ ಮನೆಯನ್ನೂ ಬರೆಸಿಕೊಂಡಿದ್ದರು. ಸೋಮವಾರ ಜೆಸಿಬಿ ತರುತ್ತೇನೆಂದು ಭೀಮರಾಜ ಓಣಿಗೆಲ್ಲ ಕೇಳುವಂತೆ ಹೇಳಿದ್ದ. ಶುಕ್ರವಾರ ತಡೆಯಾಜ್ಞೆ ಸಿಗದಿದ್ದರೆ ಹಂಪಕ್ಕನಿಗೆ ಮನೆ ಇಲ್ಲ.

ನನ್ನ ಸೀನಿಯರ್ ಜಂಬುನಾಥರು ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗಿದ್ದರು. ಪಾರ್ವತಿನಗರದ ನಮ್ಮ ಆಫೀಸಿನಲ್ಲಿ ತೀರ್ಪು ಹುಡುಕುವ ಸಾಫ್ಟ್‌ವೇರ್ ಇದೆ. ಅದರ ಪಾಸ್‌ವರ್ಡ್ ಅವರೊಬ್ಬರ ತಲೆಯಲ್ಲಿದೆ. "ಫ್ರೀ ಸಿಗೂವು ಬೇಕಾದಷ್ಟು ಅದಾವು, ಹುಡುಕ್ಕೋ" ಎನ್ನುವುದು ಅವರ ಉಪದೇಶ. ಇವೆ, ನಿಜ. ಸುಪ್ರೀಂ ಕೋರ್ಟು ತನ್ನ ತೀರ್ಪುಗಳನ್ನು ಪುಕ್ಕಟೆಯಾಗಿ ಜಾಲತಾಣದಲ್ಲಿಟ್ಟಿದೆ, ಹೈಕೋರ್ಟೂ ಇಟ್ಟಿದೆ, ಇನ್ನೂ ಯಾರಾರೋ ಪುಣ್ಯಾತ್ಮರು ಇಟ್ಟಿದ್ದಾರೆ. ಕುರುಗೋಡಿನಲ್ಲಿ ಒಂದೂ ಕಾನೂನು ಪುಸ್ತಕವಿಲ್ಲದ ಮನೆಯಿಂದ ಬಂದ ನಾನು ವಕೀಲಿ ಕಲಿತದ್ದೇ ಅವುಗಳಿಂದ. ನಾಲ್ಕು ಪದ ಒತ್ತಿದರೆ ಸಾಕು, ಉದ್ದದ ತೀರ್ಪಿನ ನಟ್ಟನಡುವಿಗೆ ಕರೆದೊಯ್ದು, ಬೇಕಾದ ಸಾಲಿಗೆ ಹಳದಿ ಬಳಿದು ತೋರಿಸುತ್ತವೆ. ಹಳದಿ ಸಾಲನ್ನು ಎತ್ತಿ ಕೋರ್ಟಿಗೆ ಕೊಡುವ ಮೆಮೊಗೆ ಅಂಟಿಸುವುದು, ಪ್ರಿಂಟ್ ತೆಗೆಯುವುದು: ನಾವು ಜೂನಿಯರ್‌ಗಳೆಲ್ಲ ಮಾಡುವುದು ಇಷ್ಟೇ.

ನಾನೂ ಅದನ್ನೇ ಮಾಡಿದ್ದೆ. ದೀರ್ಘಕಾಲ ವಾಸವಿರುವವರ ಎದುರು ಯಾವ ಬರಹವೂ ನಿಲ್ಲದು ಎಂಬ ಸಾಲು ಸಿಕ್ಕಾಗ ಕುಣಿದಾಡುವುದೊಂದು ಬಾಕಿ. ಗುರುವಾರವೇ ಅದನ್ನು ಕೋರ್ಟಿಗೆ ಕೊಟ್ಟು, ಎದುರು ಪಕ್ಷದ ವಕೀಲ ಮರಿಬಸಪ್ಪನವರಿಗೂ ಒಂದು ಪ್ರತಿ ಕೊಟ್ಟು ಬಂದಿದ್ದೆ.

ಶುಕ್ರವಾರ ಬಸ್ಸಿನಲ್ಲಿ ಬೇರೆ ಕೆಲಸವಿಲ್ಲದೆ ಆ ತೀರ್ಪನ್ನು ಮೊಬೈಲಿನಲ್ಲಿ ತೆರೆದೆ. ಹಳದಿ ಸಾಲಿನ ಸ್ವಲ್ಪ ಮೇಲೆ ಕಣ್ಣು ಹೋಯಿತು. 'ಮೇಲ್ಮನವಿದಾರರ ವಕೀಲರು ವಾದಿಸಿದ್ದೇನೆಂದರೆ' ಎಂದಿತ್ತು. ಎರಡು ಪುಟ ಕೆಳಗೆ, 'ಈ ವಾದವನ್ನು ನಾವು ಒಪ್ಪುವುದಿಲ್ಲ.'

ಸೋತ ವಕೀಲನ ಮಾತನ್ನು ಸುಪ್ರೀಂ ಕೋರ್ಟಿನ ಮಾತೆಂದು ನನ್ನ ಸಹಿ ಹಾಕಿ ಕೊಟ್ಟಿದ್ದೆ. ಆ ತೀರ್ಪು ಹಂಪಕ್ಕನಂಥವರ ವಿರುದ್ಧವೇ ಇತ್ತು.

ತೆಕ್ಕಲಕೋಟೆಯಲ್ಲಿ ಬಸ್ಸು ನಿಂತಾಗ ಜಂಬುನಾಥರಿಗೆ ಫೋನ್ ಮಾಡಿದೆ. ಆದದ್ದನ್ನೆಲ್ಲ ಹೇಳಿದೆ.

"ಮರಿಬಸಪ್ಪ ಓದಾಂವಲ್ಲ ಬಿಡು," ಎಂದರು ಅವರು. "ಜಡ್ಜ್ ಸಾಹೇಬ್ರಿಗೂ ಅಷ್ಟು ಪುರಸೊತ್ತು ಇರಂಗಿಲ್ಲ. ನೀನಾಗೇ ಬಾಯಿಬಿಟ್ಟು ಕೆಡಿಸ್ಕೋಬ್ಯಾಡ."

ಸುಮ್ಮನಿದ್ದರೆ ದಾಟಿಹೋಗಬಹುದು. ಸಿಕ್ಕಿಬಿದ್ದರೆ ಮಾನ ಹೋಗುವುದು ನನ್ನದು, ಮನೆ ಹೋಗುವುದು ಹಂಪಕ್ಕನದು. ಬಸ್ಸು ಕೆಟ್ಟು ನಿಲ್ಲಲಿ ಎಂದು ಬೇಡಿಕೊಂಡೆ. ಅದು ಯಾವತ್ತೂ ಇಲ್ಲದಂತೆ ಹತ್ತು ನಿಮಿಷ ಮೊದಲೇ ಸಿರುಗುಪ್ಪ ತಲುಪಿತು.

ಹಂಪಕ್ಕ ಕೋರ್ಟಿನ ಗೇಟಿನಲ್ಲೇ ಕುಂತಿದ್ದಳು. ಯಾರ ಕೈಯಲ್ಲಿ ಕಾಗದ ಕಂಡರೂ ಆಕೆಯದು ಒಂದೇ ಪ್ರಶ್ನೆ.

"ಪೂರಾ ಓದೀಯಿಲ್ಲವ್ವ? ನಮ್ಮಾಂವ ಅರ್ಧ ಕೇಳಿ ಹೆಬ್ಬಟ್ಟು ಒತ್ತಿದ, ನೋಡು."

"ಇನ್ನೂ ಸ್ವಲ್ಪ ಐತಬೇ," ಎಂದು ವರಾಂಡದ ಮೂಲೆ ಹಿಡಿದೆ. ನಮ್ಮದು ಹದಿನಾಲ್ಕನೆಯ ಕೇಸು. ನನಗೆ ಮುಳುವಾದ ತೀರ್ಪನ್ನೇ ಮೊದಲಿನಿಂದ ಓದಿದೆ. ಒಳಗೆ ಜವಾನ ಒಂದೊಂದೇ ನಂಬರ್ ಕೂಗುತ್ತಿದ್ದ, ನಾನು ಒಂದೊಂದೇ ಪುಟ ಸರಿಸುತ್ತಿದ್ದೆ. ಹನ್ನೆರಡು ಕೂಗಿದಾಗ ಕೊನೆಯ ಪುಟಕ್ಕೆ ಬಂದಿದ್ದೆ. ಅಲ್ಲೊಂದು ಸಾಲಿತ್ತು: ಹಕ್ಕು ಯಾರದೇ ಇರಲಿ, ನೆಲೆಸಿದವರನ್ನು ಕಾನೂನಿನ ಕ್ರಮದಿಂದಲ್ಲದೆ ಬಲದಿಂದ ಎಬ್ಬಿಸುವಂತಿಲ್ಲ. ಇದು ನ್ಯಾಯಮೂರ್ತಿಗಳದೇ ಮಾತು. ಪಕ್ಕದಲ್ಲಿ ಹಳೆಯ ತೀರ್ಪೊಂದರ ಉಲ್ಲೇಖವಿತ್ತು. ಅದನ್ನು ಸುಪ್ರೀಂ ಕೋರ್ಟಿನ ತಾಣದಲ್ಲಿ ಹುಡುಕಿದೆ. ಪುಟ ತೆರೆಯುವ ಹೊತ್ತಿಗೆ ಹದಿಮೂರು ಕೂಗಿದ. ಪುಣ್ಯಕ್ಕೆ ಅದು ಸಣ್ಣ ತೀರ್ಪು. ಯಾರ ಮಾತು ಯಾರದೆಂದು ನೋಡಿಕೊಂಡು ಕೊನೆಯವರೆಗೆ ಓದಿದೆ.

ಹದಿನಾಲ್ಕು.

ನ್ಯಾಯಾಧೀಶರ ಕಂಪ್ಯೂಟರಿನಲ್ಲಿ ಯಾವುದೋ ಪುಟ ತೆರೆದಿತ್ತು. "ನಿಮ್ಮ ಮೆಮೊದಾಗಿನ ಸಾಲು ಓದ್ರಿ," ಎಂದರು.

"ಸ್ವಾಮಿ, ಅದು ಕೋರ್ಟಿನ ಮಾತಲ್ಲ. ವಕೀಲರ ವಾದ. ಪೂರ್ತಿ ಓದದೆ ಕೊಟ್ಟಿದ್ದೇನೆ, ತಪ್ಪು ನನ್ನದು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ."

ಮರಿಬಸಪ್ಪನವರು ಗಡಬಡಿಸಿ ತಮ್ಮ ಫೈಲು ತಿರುವತೊಡಗಿದರು. ಅವರು ಓದಿರಲಿಲ್ಲ.

"ನಾನು ಓದೀನಿ," ಎಂದರು ನ್ಯಾಯಾಧೀಶರು. "ಮುಂದ ಹೇಳ್ರಿ."

ಹಳೆಯ ತೀರ್ಪನ್ನು ಹೇಳಿದೆ. ಎರಡು ಸಲ ಮಾತು ನಿಂತಿತು, ಎರಡು ಸಲವೂ ಅವರು ಕಾದರು. ಮರಿಬಸಪ್ಪನವರೂ ತಮ್ಮ ಪಾಲಿನದನ್ನು ಹೇಳಿ ಕೂತ ಮೇಲೆ ನ್ಯಾಯಾಧೀಶರು ಆದೇಶ ಬರೆಸಿದರು.

ಹೊರಗೆ ಹಂಪಕ್ಕ ನನ್ನ ಕೈ ಹಿಡಿದಳು. "ಸಾಹೇಬ್ರು ಏನಂದ್ರು ಓದವ್ವ. ಕಡೀತನಕ."

ಡೈರಿಯಲ್ಲಿ ಗೀಚಿಕೊಂಡದ್ದನ್ನು ಓದಿದೆ. ಭೀಮರಾಜನಾಗಲಿ ಆತನ ಕಡೆಯವರಾಗಲಿ ಮನೆಯನ್ನು ಮುಟ್ಟತಕ್ಕದ್ದಲ್ಲ, ಮುಂದಿನ ತಿಂಗಳ ಇಪ್ಪತ್ತೆರಡರವರೆಗೆ.

"ಆಮ್ಯಾಲ?"

"ಆಮ್ಯಾಲ ಮತ್ತ ವಾದ ಮಾಡಬೇಕಬೇ."

ಆಕೆ ನನ್ನ ಮುಖವನ್ನೇ ನೋಡಿದಳು. "ಆ ಸಲ ಮನ್ಯಾಗ ಓದ್ಕೊಂಡು ಬಾರವ್ವ. ಹೆಬ್ಬಟ್ಟು ಒತ್ತಿ ಬಂದ ದಿನ ನಮ್ಮಾಂವನ ಮಾರಿ ಹೆಂಗಿತ್ತೋ, ಮುಂಜಾನಿ ಗೇಟಿನ್ಯಾಗ ನಿಂದೂ ಹಂಗ ಇತ್ತು."

ಆಯ್ತಬೇ ಎಂದೆ. ವಾಪಸು ಬಸ್ಸಿನಲ್ಲಿ ಕೂತು ಆ ಹಳೆಯ ತೀರ್ಪನ್ನು ಮತ್ತೆ ಮೊದಲನೆಯ ಪುಟದಿಂದ ತೆರೆದೆ.