ಬೂದಿ ಹುಂಜದ ಮೊಮ್ಮಗಳು

ನಮ್ಮ ಯಜಮಾನರು ಮನೆಗಳಿಗೆ ಬಣ್ಣ ಹೊಡೆಯುವವರು. ಅವರ ಪಾಲಿಗೆ ಲೋಕವೆಲ್ಲ ಡಬ್ಬಿಯಲ್ಲಿ ಕಲೆಸಿದ್ದು. ಕೆಲಸಕ್ಕೆ ಹೋಗಿದ್ದ ಮನೆಯವರು ಸಾಕಲಾಗದೆ ಕೊಟ್ಟ ಒಂದು ಹುಂಜವನ್ನು ತಂದರು. ಕತ್ತಿನಿಂದ ಬಾಲದವರೆಗೆ ತಿಳಿ ಬೂದಿ ಬಣ್ಣ. ಅದೇ ಬಣ್ಣದ ಕೋಳಿಗಳ ಹಿಂಡು ಮಾಡಿಯೇ ತೀರುತ್ತೇನೆಂದು ಹಟ ಹಿಡಿದರು. ಆಮೇಲೆ ಊಟಕ್ಕೆ ಕರೆದರೆ ಗೂಡಿನೊಳಗಿನಿಂದ ಉತ್ತರ ಬರುತ್ತಿತ್ತು.

ನಮ್ಮಲ್ಲಿದ್ದದ್ದು ಕಪ್ಪು ಹೇಂಟೆಗಳು. ಹುಂಜವನ್ನು ಅವುಗಳ ಜೊತೆಗೆ ಬಿಟ್ಟು, ಮೊಟ್ಟೆಗಳನ್ನು ಕಾವಿಗಿಟ್ಟರು. ಬೂದಿಗೆ ಕಪ್ಪು ಬೆರೆತರೆ ತುಸು ಗಾಢ ಬೂದಿ ಬಂದೇ ಬರುತ್ತದೆ ಎಂದು ಹಿತ್ತಲ ಗೋಡೆಯ ಮೇಲೆ ಬ್ರಷ್ಷಿನಲ್ಲಿ ಎಳೆದೂ ತೋರಿಸಿದ್ದರು. ಹುಟ್ಟಿದ ಮರಿಗಳೆಲ್ಲ ಬೆಳೆದು ಇದ್ದಿಲಿನಂತೆ ಕಪ್ಪಾದವು. ಅಷ್ಟರಲ್ಲಿ ಬೂದಿ ಹುಂಜ ರೋಗ ತಗುಲಿ ಸತ್ತುಹೋಯಿತು. ಅದನ್ನು ಹಿತ್ತಲಲ್ಲಿ ಹೂತು ಬಂದರು. ಕಪ್ಪು ಒಂದು ತೊಟ್ಟು ಬಿದ್ದರೂ ಡಬ್ಬಿಯೆಲ್ಲ ಹಾಳು ಎಂದು ಹೇಳಿ, ಆ ಕೋಳಿಗಳನ್ನು ಕೇಳಿದವರಿಗೆಲ್ಲ ಹಂಚತೊಡಗಿದರು.

ಕೋಳಿಯ ಬಣ್ಣ ಕಟ್ಟಿಕೊಂಡು ನನಗೇನಾಗಬೇಕಿತ್ತು? ಆದರೆ ಈ ಮನುಷ್ಯ ಖಾಲಿಯಾಗುತ್ತಿದ್ದ ಗೂಡಿನ ಮುಂದೆ ಕೂತಿರುವುದನ್ನು ನೋಡಿ ನನ್ನ ಹೊಟ್ಟೆಗೆ ಅನ್ನ ಇಳಿಯುತ್ತಿರಲಿಲ್ಲ. ಆ ಕಪ್ಪು ಮರಿಗಳಲ್ಲಿ ಹಂಚಲು ಉಳಿದಿದ್ದ ಒಂದು ಹುಂಜ, ಒಂದು ಹೇಂಟೆಯನ್ನು ಬುಟ್ಟಿಯಲ್ಲಿ ಮುಚ್ಚಿಟ್ಟು ಮಗಳ ಮನೆಗೆ ಸಾಗಿಸಿದೆ. ಹುಚ್ಚು ಅಪ್ಪನಿಗೊಬ್ಬರಿಗೇ ಅಂದುಕೊಂಡಿದ್ದೆ ಎಂದು ಮಗಳು ನಕ್ಕಳು. ನಗಲಿ ಬಿಡಿ, ನನಗೊಂದು ಗುಮಾನಿಯಿತ್ತು.

ಕೆಲವು ತಿಂಗಳ ಮೇಲೆ ಮಗಳು ಬಂದಳು. ಜೊತೆಗೆ ಬಂದ ಮೊಮ್ಮಗಳ ಕೈಯಲ್ಲಿ ಅದೇ ಬುಟ್ಟಿ. ಒಳಗೆ ಆ ಜೋಡಿಯ ಮರಿಗಳು, ಕಪ್ಪು ಮರಿಗಳ ನಡುವೆ ಒಂದೇ ಒಂದು ತಿಳಿ ಬೂದಿ.

ಇವರು ಅದನ್ನು ಎತ್ತಿ ಬೆಳಕಿಗೆ ಹಿಡಿದರು. ನಾನು ಬಣ್ಣ ಬಳಿದಿರಬಹುದೆಂದು ಹೆಬ್ಬೆರಳಿನಿಂದ ಉಜ್ಜಿಯೂ ನೋಡಿದರು. ಬುಟ್ಟಿಯ ಕಥೆಯನ್ನೆಲ್ಲ ಹೇಳಿದೆ.

"ಅಪ್ಪನೂ ಕಪ್ಪು, ಅಮ್ಮನೂ ಕಪ್ಪು. ಇದೆಲ್ಲಿಂದ ಬಂತೇ?"

"ನಿಮ್ಮ ಮೊಂಡು ಮೂಗು ಮಗಳಿಗೆ ಬರ್ಲಿಲ್ಲ, ಸದ್ಯ ಬಚಾವಾದ್ವಿ ಅಂದ್ಕೊಂಡಿದ್ದೆ. ಈಗ ಇವಳ ಮುಖ ನೋಡಿ" ಎಂದೆ.

ಇವರು ಮೊಮ್ಮಗಳನ್ನು ನೋಡಿದರು. ಮೆಲ್ಲಗೆ ತಮ್ಮ ಮೂಗನ್ನು ಮುಟ್ಟಿಕೊಂಡರು. ಎಷ್ಟೋ ದಿನಗಳ ಮೇಲೆ ನಕ್ಕರು.

ಆಮೇಲೆ ಒಂದು ಕೈಯಲ್ಲಿ ಮರಿ, ಇನ್ನೊಂದರಲ್ಲಿ ಮೊಮ್ಮಗಳ ಬೆರಳು ಹಿಡಿದು, ಹುಂಜವನ್ನು ಹೂತಿದ್ದ ಹಿತ್ತಲ ಮೂಲೆಗೆ ಹೊರಟರು. ಎಲ್ಲಿಗೆ ಎಂದು ಕೇಳಿದೆ.

"ಇದರ ಅಜ್ಜಂಗೆ ತೋರಿಸ್ಕೊಂಡು ಬರ್ತೀವಿ" ಎಂದರು.