ಒಂದೇ ಗೋಡೆಯ ಮುಂದೆ

ಸೋಲ್ರುನ್ ಆ ವಾರ ಹಲ್ಲಿನ ಆಸ್ಪತ್ರೆಯ ಕೌಂಟರಿನಲ್ಲಿ ಕೂತು ಮಾಡಿದ ಕೆಲಸಕ್ಕಿಂತ ಫೋನು ನೋಡಿದ್ದೇ ಹೆಚ್ಚು. ನಾರ್ವೆಯ ಪಶ್ಚಿಮ ಕರಾವಳಿಯ ಸಣ್ಣ ದೋಣಿಗಳವರೆಲ್ಲ ಸೇರಿ ನಡೆಸುತ್ತಿದ್ದ ಆನ್‌ಲೈನ್ ಬಳಗಕ್ಕೆ ಹೊಸ ಮುಖ್ಯಸ್ಥರ ಚುನಾವಣೆ. ಅದರ ಪುಟ ನೋಡಿಕೊಳ್ಳುವ ಹೊಣೆ ಅವಳದು.

ನಿಂತವರು ಇಬ್ಬರೇ. ಎಲ್ಡಾರ್ ಕಳಿಸಿದ ಫೋಟೋದಲ್ಲಿ ಇಳಿಬಿಸಿಲಿತ್ತು, ಕೈಯಲ್ಲಿ ತೊಡೆಗಾತ್ರದ ಕಾಡ್ ಮೀನಿತ್ತು, ಬಾಯ್ತುಂಬ ನಗುವಿತ್ತು. ಸಂಜೆ ತರಗತಿಯಲ್ಲಿ ದೋಣಿ ನಡೆಸುವುದನ್ನು ಕಲಿಸುವ ಗುನ್ವೋರ್ ಫೋಟೋ ಕಳಿಸಿರಲಿಲ್ಲ. ಅವಳ ಹೆಸರಿನ ಪಕ್ಕದಲ್ಲಿ, ಫೋಟೋ ಇಲ್ಲದವರಿಗೆಲ್ಲ ಬರುವ ಬೂದುಬಣ್ಣದ ಬೋಳು ತಲೆಯ ಚಿತ್ರ ತಾನಾಗಿಯೇ ಬಂದು ಕೂತಿತ್ತು. ಕೆಳಗೆ ಯಾರೋ ಬರೆದಿದ್ದರು: 'ಈ ಗುನ್ವೋರ್ ನಿಜವಾಗ್ಲೂ ಇದ್ದಾಳಾ, ಬರೀ ಹೆಸರಾ?'

ಸೋಲ್ರುನ್‌ಗೆ ತಡೆಯಲಾಗಲಿಲ್ಲ. ಎರಡೂ ಚಿತ್ರ ಅಳಿಸಿಬಿಟ್ಟಳು.

ಮೊದಲು ಫೋನು ಮಾಡಿದವನು ಎಲ್ಡಾರ್. "ನನ್ನ ಮೀನು ನಿನಗೇನು ಮಾಡಿತ್ತೇ?"

"ಇಬ್ಬರಿಗೂ ಒಂದೇ ನ್ಯಾಯ ಇರ್ಲಿ ಅಂತ."

"ಅವಳು ಕಳಿಸ್ಲಿಲ್ಲ ಅಂದ್ರೆ ನನ್ನ ಮುಖಕ್ಕೂ ಮಸಿ ಬಳಿತೀಯಾ?"

ಅದನ್ನಾದರೂ ಸಹಿಸಬಹುದಿತ್ತು. ಆಮೇಲೆ ಬಂದದ್ದು ಗುನ್ವೋರ್‌ಳ ಫೋನು.

"ನಿನಗೆ ಯಾರು ಹೇಳಿದ್ರು ತೆಗಿ ಅಂತ? ನನಗೋಸ್ಕರಾನೇ ಅವನದ್ದನ್ನೂ ತೆಗೆದೆ ಅಂದ್ಕೊಂಡು ಈಗ ಊರೆಲ್ಲ ಕೇಳ್ತಿದೆ, ಗುನ್ವೋರ್‌ಗೆ ಏನಾಗಿದೆ, ಯಾಕೆ ಮುಖ ಮುಚ್ಚಿಕೊಂಡಿದ್ದಾಳೆ ಅಂತ." ಅವಳ ಮಾತು ಅಲ್ಲಲ್ಲಿ ತೊದಲುತ್ತಿತ್ತು. "ಹೋದ ಚಳಿಗಾಲ ಮುಖದ ಬಲಗಡೆ ಜೋತುಬಿತ್ತು. ಕಣ್ಣು ಸರಿಯಾಗಿ ಮುಚ್ಚಲ್ಲ. ಅಯ್ಯೋ ಪಾಪ ಅಂತ ಯಾರೂ ವೋಟು ಹಾಕೋದು ಬೇಡ ನನಗೆ. ನೋಡೋಕಾಗಲ್ಲ ಅಂತ ಬಿಡೋದೂ ಬೇಡ."

ಸೋಲ್ರುನ್‌ಗೆ ಊಟ ರುಚಿಸಲಿಲ್ಲ. ಫೋಟೋ ಹಾಕಿದರೆ ತಪ್ಪು, ತೆಗೆದರೆ ತಪ್ಪು. ಚುನಾವಣೆಯನ್ನೇ ಮುಂದೂಡೋಣವೆಂದು ಬರೆಯಲು ಹೊರಟು, ಅರ್ಧಕ್ಕೇ ಅಳಿಸಿದಳು. ಕೊನೆಗೆ ಇಬ್ಬರನ್ನೂ ಶನಿವಾರ ಬಂದರಿನಲ್ಲಿ ಬಲೆಗಳನ್ನಿಡುವ ಮನೆಗೆ ಕರೆದಳು. ಒಂದೇ ಗೋಡೆ, ಒಂದೇ ಬೆಳಕು, ತನ್ನದೇ ಫೋನು. ಮೀನಿಗೆ ಪ್ರವೇಶವಿಲ್ಲ.

ಗುನ್ವೋರ್ ಬರುತ್ತಾಳೆಂಬ ನಂಬಿಕೆ ಅವಳಿಗಿರಲಿಲ್ಲ. ಬಂದಳು. ಕುತ್ತಿಗೆಯ ಉಣ್ಣೆಪಟ್ಟಿಯನ್ನು ಮೂಗಿನವರೆಗೆ ಎಳೆದುಕೊಂಡಿದ್ದಳು. ಗೋಡೆಗೆ ಒರಗಿ ನಿಂತು, ಪಟ್ಟಿ ಇಳಿಸಿ, ತಟ್ಟನೆ ಮುಖ ಪಕ್ಕಕ್ಕೆ ತಿರುಗಿಸಿದಳು. "ಎಡಗಡೆಯಿಂದ ತೆಗಿ. ಇಲ್ಲಾಂದ್ರೆ ಹೊರಟೆ."

ಸೋಲ್ರುನ್ ಆಗಲೇ ಬಂದು ಕಾಯುತ್ತಿದ್ದ ಎಲ್ಡಾರ್‌ನ ಕಡೆ ನೋಡಿದಳು. ಅವನು ಗುನ್ವೋರ್‌ಳ ಮುಖ ನೋಡಿ, ನೆಲ ನೋಡಿ, ಟೋಪಿ ತೆಗೆದ.

"ಹಾಗಾದ್ರೆ ನಂದೂ ಪಕ್ಕದಿಂದಲೇ ತೆಗಿ," ಎಂದ. "ಈ ಮೂಗು ನೋಡಿದ ಮೇಲೆ ನನ್ನ ಹೆಂಡತೀನೂ ವೋಟು ಹಾಕಲ್ಲ, ಇರ್ಲಿ ಬಿಡು."

ಗುನ್ವೋರ್ ನಕ್ಕಳು. ನಗು ಒಂದೇ ಕಡೆ ಏರಿತು; ಅವಳು ಕೂಡಲೇ ಬಾಯಿಗೆ ಕೈ ಅಡ್ಡ ಹಿಡಿದಳು.

ಫೋಟೋಗಳು ಪುಟಕ್ಕೆ ಏರಿದವು. 'ಪೊಲೀಸ್ ಠಾಣೆಯಿಂದ ತಂದಿರಾ?' ಎಂದು ಕೆಲವರು ಅಣಕಿಸಿದರು. ಆಮೇಲೆ ಜಗಳ ಬೇರೆ ಕಡೆಗೆ ಹೊರಳಿತು. ನೋಂದಣಿ ಸಂಖ್ಯೆಯಿಲ್ಲದ ದೋಣಿಗಳ ಮಾರಾಟದ ಜಾಹೀರಾತನ್ನು ಬಳಗದ ಪುಟದಲ್ಲಿ ನಿಲ್ಲಿಸಬೇಕೆಂದು ಗುನ್ವೋರ್ ಬರೆದಿದ್ದಳು. ಅದಕ್ಕೆ ಮಾರುವವರೆಲ್ಲ ಸಿಡಿದೆದ್ದರು. ಸೋಲ್ರುನ್ ಸಾಲುಸಾಲು ಓದಿದಳು. ಮುಖದ ಮಾತು ಎಲ್ಲೂ ಇರಲಿಲ್ಲ.

ಗೆದ್ದವನು ಎಲ್ಡಾರ್.

ಫಲಿತಾಂಶ ಬಂದ ಸ್ವಲ್ಪ ಹೊತ್ತಿಗೆ ಗುನ್ವೋರ್ ಫೋನು ಮಾಡಿದಳು. "ನಾನು ಬರೆದ ಮಾತಿಂದ ಸೋತೆ ಕಣೆ, ಮುಖದಿಂದಲ್ಲ. ಸಿಟ್ಟು ಬರ್ತಿದೆ, ಆದ್ರೆ ಹೀಗಾಗೋಕೆ ಮೊದಲು ಬರ್ತಿದ್ದಂಥದ್ದೇ ಸಿಟ್ಟು. ಎಷ್ಟು ದಿನ ಆಗಿತ್ತು!"

"ಎದುರಿನಿಂದ ತೆಗೆದಿದ್ರೆ?"

"ಗೊತ್ತಿಲ್ಲ. ನಿನಗೂ ಗೊತ್ತಾಗಲ್ಲ. ಅದಕ್ಕೇ ತಲೆ ಕೊರೆಸ್ಕೋತಾ ಕೂತ್ಕೋಬೇಡ."

ಆದರೂ ಕೊರೆಯಿತು. ಸೋಮವಾರ ಸೋಲ್ರುನ್ ಕೌಂಟರಿನಲ್ಲಿ ಕೂತು ಮುಂದಿನ ಚುನಾವಣೆಗೆ ನಿಯಮ ಬರೆಯತೊಡಗಿದಳು: ಎಲ್ಲರಿಗೂ ಒಂದೇ ಗೋಡೆ; ಮುಖ ಯಾವ ಕಡೆಗೆ ಎನ್ನುವುದನ್ನು ನಿಂತವರೇ ಕೂಡಿ ತೀರ್ಮಾನಿಸತಕ್ಕದ್ದು. 'ತೀರ್ಮಾನಿಸಲಾಗದಿದ್ದರೆ' ಎಂದು ಬರೆದು ಕೈ ನಿಲ್ಲಿಸಿದಳು. ಮುಂದೇನು ಬರೆಯಬೇಕೋ ಹೊಳೆಯಲಿಲ್ಲ. ಊದಿದ ಕೆನ್ನೆ ಹಿಡಿದುಕೊಂಡ ಮುದುಕನೊಬ್ಬ ಎದುರಿಗೆ ಬಂದು ನಿಂತು, ತನ್ನ ಸರದಿ ಯಾವಾಗ ಎಂದು ಕೇಳಿದ.